ಹನ್ನೊಂದನೇ ದಿನದ ನೀರು

ನನ್ನ ಹೆಂಡತಿಯ ತವರು ಹಲಸಿಯ ಆಚೆ, ಕಾಡಂಚಿನ ಒಂದು ಹಳ್ಳಿ. ಅಲ್ಲಿ ಬಂಡೆಯ ಬುಡದಲ್ಲಿ ಒಂದು ಒರತೆ ಇದೆ. ಅದಕ್ಕಿಳಿಯುವ ಮೆಟ್ಟಿಲುಗಳು ಕದಂಬರ ಕಾಲದವೆಂದು ಹೇಳುತ್ತಾರೆ. ಪಕ್ಕದಲ್ಲಿ ನಿಲ್ಲಿಸಿದ ಕಲ್ಲಿನ ಅಕ್ಷರಗಳು ಸವೆದುಹೋಗಿವೆ. ಓದಿದವರನ್ನು ನಾನು ಕಂಡಿಲ್ಲ. ಸೂತಕದವರು ಆ ಮೆಟ್ಟಿಲು ಇಳಿಯಬಾರದು, ಇಳಿದರೆ ನೀರು ಬತ್ತುತ್ತದೆಂಬ ಕಟ್ಟು ಮಾತ್ರ ಮದುವೆಯಾದ ವರ್ಷವೇ ನನ್ನ ಕಿವಿಗೆ ಬಿದ್ದಿತ್ತು.

ಕಳೆದ ಬೇಸಿಗೆಯಲ್ಲಿ ದವಾಖಾನೆಯವರು ಅವಳನ್ನು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಟಿಳಕವಾಡಿಯ ನಮ್ಮ ಮನೆಯಲ್ಲಿ ಕಿಟಕಿಯ ಹತ್ತಿರ ಮಂಚ ಹಾಕಿದೆ. ಅನ್ನ ಬಿಟ್ಟಿದ್ದಳು. ಒಂದು ಮುಂಜಾನೆ ಕೇಳಿದಳು:

“ನಮ್ಮೂರ ವರತಿ ನೀರು ಒಂದ್ ತಂಬಗಿ ತಂದ್ಕೊಡ್ರಿ. ಬ್ಯಾರೆ ಏನೂ ಬ್ಯಾಡ.”

ಹಿಂದಿನ ದಿನವಷ್ಟೇ ಕಾಕತಿಯಲ್ಲಿದ್ದ ನಮ್ಮ ದಾಯಾದಿ ಅಣ್ಣ ತೀರಿಕೊಂಡಿದ್ದ. ನಮಗೆ ಹತ್ತು ದಿನ ಸೂತಕ.

“ಸೂತಕ ಕಳೀಲಿ. ಹನ್ನೊಂದನೇ ದಿನ ಹೋಗಿ ತರತೀನಿ,” ಎಂದೆ.

ಅವಳು ನಕ್ಕಳು. “ಆ ಅಣ್ಣ ಇದ್ದಾಗ ಒಂದ್ ದಿನಾನೂ ಅವರ ಮನಿ ಕಡೆ ಹಾಯಲಿಲ್ಲ ನೀವು. ಈಗ ಭಾಳ ಸೂತಕ ಬಂತು. ನಮ್ಮೂರಾಗ ಫೋನ್ ಮಾಡಿ ಕೇಳ್ರಿ.”

ನಾನು ಅವಳ ಊರಿಗೆ ಕೇಳಲಿಲ್ಲ. ನಮ್ಮ ಮನೆತನದ ಹಿರಿಯರಾದ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬೇರೆಯವರ ಕೈಲಿ ತರಿಸಬಹುದೇ ಎಂದೂ ಕೇಳಿದೆ.

“ಸೂತಕದ ಮನಿಯಾಗ ಆ ನೀರು ಹೊಗಬಾರದಪಾ. ಊರ ಮಂದಿ ಕುಡಿಯೂ ನೀರು. ನಿನ್ನ ಸಲುವಾಗಿ ಬತ್ತಿದ್ರ? ಹತ್ತ ದಿನ ತಡಿ,” ಎಂದರು.

ಅವಳಿಗೆ ಹಾಗೆಯೇ ಹೇಳಿದೆ. ವಾದ ಮಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. “ಇವತ್ತ ಎಷ್ಟನೇ ದಿನ?” ಎಂದಷ್ಟೇ ದಿನವೂ ಕೇಳುತ್ತಿದ್ದಳು. ಎಂಟನೇ ದಿನ ಕೇಳಲಿಲ್ಲ. ಮಧ್ಯಾಹ್ನ ನಳದ ನೀರನ್ನು ಚಮಚದಿಂದ ಬಾಯಿಗೆ ಹಾಕಿದೆ. ಅದು ತುಟಿಯಂಚಿನಿಂದ ದಿಂಬಿಗೆ ಇಳಿಯಿತು.

ಅವಳು ತೀರಿಕೊಂಡ ಸೂತಕದ ದಿನಗಳೆಲ್ಲ ಮುಗಿದ ಮೇಲೆ ಖಾನಾಪುರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಅವಳ ತವರಿನ ಓಣಿಯ ಮುದುಕಿಯೊಬ್ಬಳು ಮೆಟ್ಟಿಲ ಮೇಲಿನ ತರಗೆಲೆ ಗುಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಕಸಬರಿಗೆ ಕೆಳಗಿಟ್ಟು ಕುಳಿತಳು.

“ವರತಿ ಹೆಂಗ ಹುಟ್ಟಿತು ಅನ್ನೂದು ಗೊತ್ತಿಲ್ಲೇನ್ರಿ ಅಳಿಯಾರ?”

ದನ ಕಾಯುವ ಹೆಣ್ಣುಮಗಳೊಬ್ಬಳ ಕೂಸು ಇದೇ ಜಾಗದಲ್ಲಿ ನೀರಡಿಸಿ ಸತ್ತಿತಂತೆ. ಅದನ್ನು ಹೂಳಲು ಅವಳು ಬರಿಗೈಯಿಂದ ಮಣ್ಣು ತೆಗೆಯುತ್ತಿದ್ದಾಗ ಕುಣಿಯ ತಳದಲ್ಲಿ ನೀರು ಬಂತಂತೆ. ರಾಜರು ಮೆಟ್ಟಿಲು ಕಟ್ಟಿಸಿದ್ದು ಎಷ್ಟೋ ಕಾಲದ ಮೇಲೆ.

“ಮದಲ ಈ ನೀರು ಮುಟ್ಟಿದಾಕಿಗಿ ಸೂತಕ ಇದ್ದಿದ್ದಿಲ್ಲೇನ್ರಿ? ಕಟ್ಟು ಇರೂದು ಜಳಕಕ್ಕ, ಪೂಜಿಗಿ. ಸಾಯೂ ಬಾಯಿಗಿ ಒಯ್ಯಾಕ ಬ್ಯಾಡ ಅಂದವರು ಈ ಊರಾಗ ಯಾರೂ ಇಲ್ಲ. ಒಂದ್ ಮಾತ ಹೇಳಿದ್ರ ನಾವಽ ಬಸ್ಸಿನ್ಯಾಗ ಕಳಸ್ತಿದ್ವಿ.”

ತುಂಬಿಕೊಡುತ್ತೇನೆಂದು ಅವಳು ನನ್ನ ಬಾಟಲಿ ಕೇಳಿದಳು. ಬ್ಯಾಡ್ರಿ ಎಂದೆ. ದೊಡ್ಡಪ್ಪ ತಮಗೆ ತಿಳಿದಷ್ಟು ಹೇಳಿದ್ದರು, ಅವರ ಮೇಲೆ ಸಿಟ್ಟಿಲ್ಲ. ಯಾರನ್ನು ಕೇಳಬೇಕೆಂದು ನನ್ನ ಹೆಂಡತಿ ಹೇಳಿದ್ದಳು. ಕೇಳದೆ ಇದ್ದವನು ನಾನು.