ಸರಿದ ತಗ್ಗು

ಹೋದ ವರ್ಷ ಯುಗಾದಿಯ ಮರುದಿನ ಮುಂಜಾನೆ, ಹೊತ್ತು ಮೂಡುವ ಮುಂಚೆ, ನಾನು ಬಾಗಲಕೋಟೆ ತಾಲೂಕಿನ ಹಿನ್ನೀರಿನ ದಂಡೆಯಲ್ಲಿ ನಿಂತಿದ್ದೆ. ಮುಳುಗಿದ ನಮ್ಮ ಹಿರಿಯರ ಊರಿಗೆ ಇಳಿಯುತ್ತಿದ್ದ ಡಾಂಬರು ರಸ್ತೆ ಈಗ ನೀರಿನೊಳಗೆ ಹೋಗುವ ಜಾಗ ಅದು. ಆಕಾಶದ ರೇಡಿಯೊ ಅಲೆಗಳನ್ನು ಅಳೆಯುವ ಸಂಶೋಧಕಿ, ನನ್ನ ಅಕ್ಕನ ಮಗಳು, ಮಡಚುವ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ನಿಂತು ನಾನೂ ನೋಡಿದೆ. ಪರದೆಯ ಮೇಲೆ ಒಂದು ಗೆರೆ, ಗೆರೆಯಲ್ಲಿ ಒಂದು ತಗ್ಗು. ಚಳಿಗಾಲದಲ್ಲಿ ಇದ್ದಲ್ಲಿ ಆ ತಗ್ಗು ಇರಲಿಲ್ಲ. ತುಸು ಬಲಕ್ಕೆ ಸರಿದಿತ್ತು.

ಇದಕ್ಕೆ ನಾವು ಏಕೆ ಹೆದರಿದೆವು ಎಂಬುದನ್ನು ಹೇಳಬೇಕು. ನಾನು ಹುನಗುಂದದಲ್ಲಿ ಸಾಲಿ ಮಾಸ್ತರನಾಗಿ ವಿಜ್ಞಾನ ಕಲಿಸಿದವನು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಮೊದಲು ವಿಶ್ವದಲ್ಲಿ ನಕ್ಷತ್ರಗಳಿರಲಿಲ್ಲ. ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಸಮನಾಗಿ ಹರಡಿದ ಅನಿಲವಿತ್ತು. ಎಲ್ಲೋ ಕೂದಲೆಳೆಯಷ್ಟು ಹೆಚ್ಚು, ಎಲ್ಲೋ ಅಷ್ಟೇ ಕಡಿಮೆ. ಹೆಚ್ಚಿದ್ದ ಕಡೆಗೆ ಇನ್ನಷ್ಟು ಬಂದು ಸೇರಿತು. ಹಾಗೆ ಸೇರುತ್ತ ಸೇರುತ್ತ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಆಗ ಸುತ್ತಲಿನ ಅನಿಲ ಒಂದಿಷ್ಟು ರೇಡಿಯೊ ಅಲೆಯನ್ನು ನುಂಗಿತು. ಆ ನುಂಗಿದ ಗುರುತು ಇವತ್ತಿಗೂ ಆಕಾಶದಿಂದ ಬರುವ ಅಲೆಯಲ್ಲಿ ಒಂದು ತಗ್ಗಾಗಿ ಉಳಿದಿರಬೇಕು. ಅದನ್ನು ಹಿಡಿಯಲು ಅವಳು ಈ ನೀರಿನ ಮೇಲೆ ತೆಪ್ಪ ತೇಲಿಬಿಟ್ಟು ಅದರ ಮೇಲೆ ಆಂಟೆನಾ ನಿಲ್ಲಿಸಿದ್ದಳು. ಬೇರೆ ಅಲೆಗಳ ಗದ್ದಲ ಬೆರೆಯದಂತೆ, ಮೊಬೈಲಿಗೆ ನೆಟ್‌ವರ್ಕ್ ಸಿಗದ ಜಾಗವೇ ಅವಳಿಗೆ ಬೇಕಾಗಿತ್ತು.

ಚಳಿಗಾಲದಲ್ಲಿ ತಗ್ಗು ಸಿಕ್ಕಿತು, ಇರಬೇಕೆಂದು ಲೆಕ್ಕ ಹೇಳಿದಲ್ಲೇ. ಅವಳ ಗುರುಗಳು ಒಪ್ಪಿದರು. ಪ್ರಬಂಧ ಬರೆದಾಯಿತು, ಕಳಿಸುವುದೊಂದೇ ಬಾಕಿ. ಓದು ಮುಗಿದ ಮೇಲಿನ ಅವಳ ಇಡೀ ದುಡಿಮೆ ಅದರಲ್ಲಿತ್ತು. ಆಕಾಶದ ತಗ್ಗಾದರೆ ನೀರು ಏರಿದರೂ ಇಳಿದರೂ ಕದಲಬಾರದು. ಕದಲಿದರೆ ಅದು ನೀರಿನ ತಳದಿಂದ ಬಂದದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ.

ತೆಪ್ಪದ ಜಾಗವನ್ನು ತೋರಿಸಿದವರು ನಮ್ಮ ಕಾಕಾ. ಬಾದಾಮಿಯಲ್ಲಿ ಸರಕಾರಿ ನೌಕರಿ ಮಾಡಿ ಅಲ್ಲೇ ನೆಲೆಸಿದವರು, ಆದರೆ ಹುಟ್ಟಿ ಬೆಳೆದದ್ದು ಈ ನೀರಿನ ಕೆಳಗೆ. ನಮ್ಮ ತಂದೆ ಮೊದಲೇ ಹುನಗುಂದಕ್ಕೆ ಬಂದಿದ್ದರಿಂದ ನನಗೆ ಆ ಊರಿನ ಓಣಿಗಳು ತಿಳಿಯವು. ಅವಳಿಗೆ ಬೇಕಾಗಿದ್ದು ಬರೀ ಎರೆಮಣ್ಣಿನ ತಳ. ಕೆಸರು ಅಲೆಯನ್ನು ನುಂಗುತ್ತದೆ, ಕಲ್ಲು ಹಿಂದಕ್ಕೆ ಎಸೆಯುತ್ತದೆ, ಹಾಗೆ ಎಸೆದದ್ದು ಸುಳ್ಳು ತಗ್ಗು ತೋರಿಸಬಹುದು. ಕಾಕಾ ಗುಡ್ಡದ ತುದಿಯನ್ನೂ ಆಚೆ ದಂಡೆಯ ಮರವನ್ನೂ ಕಣ್ಣಲ್ಲೇ ಕೂಡಿಸಿ ಬೆರಳು ಚಾಚಿದ್ದರು. "ಅಲ್ಲಿ ಬಯಲ ಐತಿ ತಂಗಿ. ನಾವು ಹುತುತು ಆಡತಿದ್ವಿ. ನಡುವ ಒಂದ ಬೇವಿನ ಗಿಡ ಬಿಟ್ರ ಒಂದ ಹರಳ ಸೈತ ಕಾಲಿಗಿ ಚುಚ್ಚೂದಿಲ್ಲ." ದೋಣಿಯವನು ಹಗ್ಗಕ್ಕೆ ಭಾರ ಕಟ್ಟಿ ಅಲ್ಲಲ್ಲಿ ಇಳಿಬಿಟ್ಟಾಗ ಕೆಸರೇ ಸಿಕ್ಕಿತ್ತು. ಅವನು ನೀರು ನಿಂತ ಮೇಲೆ ಮೀನು ಹಿಡಿಯಲು ಬಂದ ಮನೆತನದವನು. ಆಂಟೆನಾ ನೋಡಿ, "ನಾವು ಮೀನಕ್ಕ ಬಲೆ ಹಾಕ್ತೇವಿ, ಅಕ್ಕಾರು ಮುಗಿಲಿಗೇ ಹಾಕ್ಯಾರ್ರಿ" ಎಂದು ನಕ್ಕಿದ್ದ.

ಯುಗಾದಿಯ ನಂತರ ಯಾರೂ ನಗಲಿಲ್ಲ. ನಾನು ಹುನಗುಂದದಿಂದ ಕಮತಗಿ ದಾಟಿ ಬಂದಾಗಲೆಲ್ಲ ಮೊದಲು ನೀರಿನ ಅಂಚನ್ನು ನೋಡುತ್ತಿದ್ದೆ. ಪ್ರತಿ ಸಲ ರಸ್ತೆಯ ಇನ್ನೊಂದು ತುಂಡು ಹೊರಗೆ ಬಿದ್ದಿರುತ್ತಿತ್ತು, ಕಪ್ಪು ಕೆಸರು ಮೆತ್ತಿಕೊಂಡು. ಪರದೆಯ ತಗ್ಗು ಅಷ್ಟೇ ನಿಧಾನವಾಗಿ ಬಲಕ್ಕೆ ನಡೆಯುತ್ತಿತ್ತು. ಗುರುಗಳು ಫೋನಿನಲ್ಲಿ, ತೆಪ್ಪ ಎತ್ತಿಬಿಡು, ಚಳಿಗಾಲದ ಅಳತೆ ಸಾಕು ಎಂದರಂತೆ. ಎತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಳದಲ್ಲಿ ಕಲ್ಲಿರಬಹುದು ಎಂದದ್ದಕ್ಕೆ ಕಾಕಾ ಸಿಟ್ಟಾದರು. ತಮ್ಮ ಊರು ತಮಗೆ ಗೊತ್ತಿಲ್ಲವೆ ಎಂದು ನನ್ನನ್ನೇ ಕೇಳಿದರು. ಅವಳು ಎರಡೂ ಕಡೆಗೆ ಒಂದೇ ಉತ್ತರ ಕೊಟ್ಟಳು: "ನೀರು ಪೂರಾ ಇಳಿಲಿ. ನೋಡೇ ಬಿಡೂಣು."

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಮುಂಜಾನೆ ಅವಳು ಕರೆದಳು. ಬಾದಾಮಿಗೆ ಹೋಗಿ ಕಾಕಾನನ್ನೂ ಕರೆದುಕೊಂಡು ಹೋದೆ. ದೋಣಿಯವನು ಆಗಲೇ ಬಂದು ನಿಂತಿದ್ದ. ತೆಪ್ಪ ಕೆಸರಿನ ಮೇಲೆ ಓರೆಯಾಗಿ ಕೂತಿತ್ತು. ಅದರ ಸುತ್ತಲೂ, ತೆಳ್ಳನೆಯ ನೀರಿನಿಂದ ತಲೆ ಎತ್ತಿ, ಕಲ್ಲುಗಳು. ದೂರದಿಂದ ಯಾರೋ ಕುಕ್ಕರಗಾಲಲ್ಲಿ ಕೂತಂತೆ ಕಂಡವು. ಹತ್ತಿರ ಹೋದಾಗ ಒರಳುಗಳು, ಬೀಸುವ ಕಲ್ಲುಗಳು. ಎಷ್ಟೋ ಮನೆಗಳವು. ಒರಳಿನ ಗುಳಿಗಳಲ್ಲೆಲ್ಲ ನೀರು ನಿಂತಿತ್ತು.

ಕಾಕಾ ಪಾಯಜಾಮ ಎತ್ತಿಕೊಂಡು ಕೆಸರಿಗೆ ಇಳಿದರು. ಒಂದು ಒರಳಿನ ಅಂಚು ಒಡೆದಲ್ಲಿ ಹೆಬ್ಬೆರಳು ಇಟ್ಟು ಸವರಿದರು. ಅನ್ನ ಕೊಟ್ಟ ಕಲ್ಲನ್ನು ಬಿದ್ದ ಮನೆಯಲ್ಲಿ ಬಿಡುತ್ತಿರಲಿಲ್ಲ, ಅರಿಷಿಣ ಕುಂಕುಮ ಹಚ್ಚಿ ಬಯಲಿನ ಬೇವಿನ ಬುಡಕ್ಕೆ ತಂದಿಡುತ್ತಿದ್ದರು ಎಂದು ಆಮೇಲೆ ಹೇಳಿದರು. ಅವರು ಹುಡುಗರಾಗಿದ್ದಾಗ ಯಾರದೋ ಮನೆ ಬಿದ್ದಾಗ ಒಮ್ಮೆ ನೋಡಿದ್ದರಂತೆ. ಮುಳುಗಡೆಗೆ ಮುಂಚೆ ಇಡೀ ಊರಿನ ಮನೆಗಳನ್ನು ಒಡೆದ ದಿನಗಳಲ್ಲಿ ಮಾತ್ರ, ನೋಡಲಾರೆ ಎಂದು, ಅವರು ಬಾದಾಮಿ ಬಿಟ್ಟು ಬಂದಿರಲಿಲ್ಲ.

"ಇದು ನಮ್ಮವ್ವಂದು," ಎಂದರು. "ನನಗ ಯಾರೂ ಹೇಳಲೇ ಇಲ್ಲ ನೋಡ ತಂಗಿ. ಎಲ್ಲಾರೂ ಇಲ್ಲೇ ತಂದ ಇಟ್ಟಾರ."

ಅವಳು ತೆಪ್ಪದ ಅಂಚು ಹಿಡಿದು ಕಲ್ಲುಗಳನ್ನೇ ನೋಡುತ್ತಿದ್ದಳು. ಅವು ಸಮನಾಗಿ ಹರಡಿರಲಿಲ್ಲ. ಅಲ್ಲೊಂದು ಗುಂಪು, ಇಲ್ಲೊಂದು ಗುಂಪು, ನಡುವೆ ಬರೀ ಕೆಸರು. ಯಾಕೆ ಹೀಗೆ ಎಂದು ಕೇಳಿದಳು. ಮೊದಲು ಯಾರೋ ಒಬ್ಬಾಕೆ ಒಂದು ಕಡೆ ಇಟ್ಟಿರಬೇಕು, ಅವಳ ಬೀಗರು, ನೆರೆಯವರು ಅದರ ಮಗ್ಗುಲಿಗೇ ಇಟ್ಟಿರಬೇಕು ಎಂದರು ಕಾಕಾ. ಅವಳು ಹಿಡಿದಿದ್ದ ಅಂಚು ಬಿಟ್ಟಳು.

"ಮಾಮಾ, ನಾ ಕಂಡದ್ದು ಮುಗಿಲಿಂದಲ್ಲ," ಎಂದಳು.

ವಿಶ್ವದಲ್ಲೇ ಹಳೆಯದು ಎಂದು ನಾನು ಕೈಕಟ್ಟಿ ನಿಂತು ನೋಡಿದ್ದ ಆ ತಗ್ಗಿನಲ್ಲಿ ನನ್ನ ಅಜ್ಜಿಯ ಒರಳೂ ಇತ್ತು. ಅವಳು ದಂಡೆಯ ಮೇಲಿನ ದಿಬ್ಬ ಹತ್ತಿ, ನೆಟ್‌ವರ್ಕ್ ಸಿಗುವಲ್ಲಿ ನಿಂತು, ಗುರುಗಳಿಗೆ ಪ್ರಬಂಧ ಕಳಿಸಬೇಡಿರೆಂದು ಹೇಳಿದಳು. ಮಾತು ಚಿಕ್ಕದಾಗಿತ್ತು. ಇಳಿದು ಬರುವಾಗ ಎರಡು ಸಲ ಕಾಲು ಜಾರಿತು.

ಮಳೆ ಹಿಡಿದ ಮೇಲೆ ನೀರು ಏರಿ ಕಲ್ಲುಗಳನ್ನು ಮುಚ್ಚಿತು. ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಆ ಕಲ್ಲುಗಳನ್ನು ಕಂಡವರಲ್ಲಿ ಈಗ ಇರುವವರು ಮೂವರು: ಇನ್ನೂ ಅಲ್ಲೇ ಬಲೆ ಬೀಸುವ, ಆದರೆ ಬಯಲಿನ ಮೇಲೆ ಮಾತ್ರ ಬೀಸದ ದೋಣಿಯವನು, ತೆಪ್ಪ ತೇಲಿಸಲು ಬೇರೆ ನೀರು ಹುಡುಕುತ್ತಿರುವ, ಅದರ ಕೆಳಗೆ ಯಾರಿದ್ದರು ಎಂದು ಮೊದಲು ಕೇಳುವ ನನ್ನ ಅಕ್ಕನ ಮಗಳು, ಮತ್ತು ನಾನು.