ಮೂಲಾ ಕಡೆಯ ಜೋಡಿಗಳು

ತಪ್ಪು ನನ್ನದೇ. ಸಾತನೂರಿನ ಚಿಕ್ಕವ್ವ ಹಸುವಿಗೆ ಬೂಸಾ ಕಲಸುತ್ತಾ, "ನೀನು ಬೆಂಗ್ಳೂರಲ್ಲಿ ಮಾಡೋದಾದ್ರೂ ಏನು, ಒಸಿ ಬುಡಿಸಿ ಹೇಳು" ಎಂದಾಗ, ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, "ಜೋಡಿ ನಕ್ಷತ್ರಗಳ ಲೆಕ್ಕ ಇಡ್ತೀನಿ" ಎಂದುಬಿಟ್ಟೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ವಾರ ಕಳೆಯುವುದರೊಳಗೆ ನಾನು ನಕ್ಷತ್ರ ನೋಡಿ ಜೋಡಿ ಕೂಡಿಸುವವಳಾಗಿದ್ದೆ. ಉಯ್ಯಂಬಳ್ಳಿಯಿಂದ ಯಾರೋ ಫೋನು ಮಾಡಿ, "ಹುಡುಗಂದು ರೋಹಿಣಿ, ಹುಡುಗೀದು ಆಶ್ಲೇಷ, ಕೂಡ್ತದೇನವ್ವ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದರೆ, ಇಷ್ಟು ಓದಿ ಇಷ್ಟೂ ಗೊತ್ತಿಲ್ವಾ ಎಂದು ಅವರಿಗೇ ಬೇಜಾರು.

ನಾನು ಲೆಕ್ಕ ಇಡುವ ಜೋಡಿಗಳ ಸಂಸಾರವೇ ಬೇರೆ. ಎರಡರಲ್ಲಿ ಒಂದು ಸತ್ತ ನಕ್ಷತ್ರ. ಕೆಲವು ಕಪ್ಪು ಕುಳಿಯಾಗಿರುತ್ತವೆ, ಉಳಿದವು ಕನಕಪುರದಿಂದ ಸಾತನೂರಿಗಿರುವ ಇಪ್ಪತ್ತು ಕಿಲೋಮೀಟರಿನಷ್ಟು ಅಗಲಕ್ಕೆ ಕುಗ್ಗಿಯೂ ಸೂರ್ಯನಿಗಿಂತ ಭಾರವಾಗಿರುತ್ತವೆ. ಪಕ್ಕದಲ್ಲಿ ಇನ್ನೂ ಬದುಕಿರುವ ಇನ್ನೊಂದು. ಸತ್ತದ್ದು ಬದುಕಿದ್ದನ್ನು ಹೀರುತ್ತದೆ. ಹಾಗೆ ಹೀರುವಾಗ ಹೊರಡುವ ಎಕ್ಸ್ ಕಿರಣವನ್ನು ಉಪಗ್ರಹಗಳು ಹಿಡಿದು ಕಳಿಸುತ್ತವೆ. ಅಂಥ ಜೋಡಿಗಳು ಎಲ್ಲೆಲ್ಲಿ ಎಷ್ಟೆಷ್ಟಿವೆ ಎಂದು ನಾನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತೇನೆ. ಒಂಥರಾ ಜನಗಣತಿ. ಆಕಾಶ ನೋಡುವುದು ಕಡಿಮೆಯೇ. ಈಗ ಯಾವ ಮಳೆ ನಕ್ಷತ್ರ ನಡೆಯುತ್ತಿದೆ ಎಂದು ನಾನೇ ಚಿಕ್ಕವ್ವನನ್ನು ಕೇಳಬೇಕು.

ಅಷ್ಟರಲ್ಲಿ ಚಿಕ್ಕವ್ವನ ಮಗಳ ಮದುವೆ ಸಿಕ್ಕಿಹಾಕಿಕೊಂಡಿತು. ಅವಳು ಶಾಲೆಯ ಮೇಡಂ. ಮಾಗಡಿ ಕಡೆಯ ಹುಡುಗನನ್ನು ಬಿ.ಎಡ್. ಓದುವಾಗ ತಾನೇ ಮೆಚ್ಚಿದ್ದಳು. ಎಲ್ಲ ಸರಿಯಿತ್ತು, ಆದರೆ ಇವಳ ನಕ್ಷತ್ರ ಮೂಲಾ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂಬ ಹಳೇ ಮಾತು ಹಿಡಿದು ಹುಡುಗನ ತಾಯಿ ಹಿಂದೆ ಸರಿದಿದ್ದರು. ನಕ್ಷತ್ರ ಓದಿದ ಅಕ್ಕ ಬಂದು ಹೇಳಿದರೆ ಕೇಳಿಯಾರು ಎಂದು ಚಿಕ್ಕವ್ವನ ಲೆಕ್ಕಾಚಾರ.

"ಕೂಡ್ತದೆ ಅಂದ್ಬುಡಕ್ಕ. ಒಂದೇ ಒಂದು ಸುಳ್ಳು" ಎಂದಳು ತಂಗಿ. ಅವಳ ಕಣ್ಣು ಊದಿತ್ತು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಓದಿದವರ ಮದುವೆಗೂ ಈ ಮೂಲಾ ಕಾಟವೇ? ಸುಳ್ಳು ಹೇಳುವುದಿಲ್ಲ, ಆದರೆ ಬರುತ್ತೇನೆ ಎಂದೆ.

ನಾನು, ಚಿಕ್ಕವ್ವ, ತಂಗಿ ಹೋಗಿ ಹುಡುಗನ ಮನೆಯ ಜಗಲಿಯಲ್ಲಿ ಕೂತರೆ ಎದುರಿಗೇ ಸಾವನದುರ್ಗ ಬೆಟ್ಟ. ಹುಡುಗನ ಅಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು, "ಕುರಿ ಹಿಂದೆ ಈ ಬೆಟ್ಟ ಸುತ್ತಿ ಸಾಯ್ದೆ ಇರೋನು, ಸೊಸೆ ಬಂದ್ರೆ ಸಾಯ್ತೀನಾ?" ಎಂದು ನಕ್ಕರು. ಹೆಂಡತಿ ನಗಲಿಲ್ಲ. ಕಾಫಿ ಕೊಟ್ಟು ನನ್ನೆದುರು ಕೂತು, "ನೀನು ಓದಿದೋಳು. ಮೂಲಾ ಬಗ್ಗೆ ಏನಂತೀಯವ್ವ?" ಎಂದರು.

"ನಮ್ಮ ಪಟ್ಟಿಯಲ್ಲಿ ಜೋಡಿಗಳು ಗಿಜಿಗುಡೋದೇ ಮೂಲಾ ಕಡೆ" ಎಂದೆ. ಇದು ನಿಜ. ನಕ್ಷತ್ರಗಳು ಒತ್ತಾಗಿ ತುಂಬಿರುವ ನಮ್ಮ ಗೆಲಾಕ್ಸಿಯ ನಡುಮಧ್ಯ ಇರುವುದು ಆ ದಿಕ್ಕಿನಲ್ಲೇ. ಚಿಕ್ಕವ್ವನ ಮುಖ ಊರಗಲವಾಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಾಠ ಶುರು ಮಾಡಿದರೆ ನನಗೆ ಬ್ರೇಕಿಲ್ಲ. "ಒಂದು ಸತ್ತಿರತ್ತೆ, ಇನ್ನೊಂದನ್ನ ಹೀರ್ತಾ ಇರತ್ತೆ" ಎಂದುಬಿಟ್ಟೆ. ಚಿಕ್ಕವ್ವ ತೊಡೆ ಚಿವುಟಿದ್ದರ ಗುರುತು ಮೂರು ದಿನ ಇತ್ತು.

ತೊಡೆ ಉರಿಯುತ್ತಿದ್ದಂತೆಯೇ ಮಾತು ತಿರುಗಿಸಿದೆ. "ನಮ್ಮ ಪಟ್ಟಿಯಲ್ಲೂ ಒಂದು ಮೋಸ ಇದೆ. ಎಷ್ಟೋ ಜೋಡಿಗಳು ವರ್ಷಗಟ್ಟಲೆ ತೆಪ್ಪಗಿರ್ತವೆ, ಕಾಣೋದೇ ಇಲ್ಲ. ಯಾವಾಗಲೋ ಧಗ್ ಅಂತ ಹೊತ್ತಿಕೊಂಡವು ಮಾತ್ರ ಲೆಕ್ಕಕ್ಕೆ ಸಿಗೋದು. ಸಿಕ್ಕಿದ್ದೇ ಎಲ್ಲ ಅಂದ್ಕೊಂಡ್ರೆ ಲೆಕ್ಕ ತಪ್ಪತ್ತೆ. ಮೂಲಾನೂ ಹಾಗೇ. ಮಾವ ಸತ್ತ ಮನೆ ಸುದ್ದಿ ಊರೆಲ್ಲ ಆಗತ್ತೆ. ಮೂಲಾ ಸೊಸೆ ಬಂದ ಮೇಲೂ ಮಾವ ಗಟ್ಟಿಯಾಗಿರೋ ಮನೆಗಳನ್ನ ಯಾರು ಎಣಿಸಿದಾರೆ?"

ಗೆದ್ದೆ ಎಂದುಕೊಂಡೆ. ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ನಂದೂ ಮೂಲಾನೇ ಕಣವ್ವ" ಎಂದರು. "ನಾನು ಈ ಮನೆಗೆ ಬಂದ ವರ್ಸವೇ ಮಾವ ಹಾವು ಕಡ್ದು ಹೋದ್ರು. ಹಾವಿನ ಹೆಸರು ಯಾರೂ ಎತ್ತಲಿಲ್ಲ, ನನ್ನ ಹೆಸರೆತ್ತಿದ್ರು. ಮೂವತ್ತು ವರ್ಸ ಆಯ್ತು, ಇವತ್ತಿಗೂ ಯಾರಾರ ಕೆಮ್ಮಿದ್ರೆ ನನ್ನ ಕಡೆ ನೋಡ್ತಾರೆ. ಇವ್ರಿಗೆ ಬೀಪಿ ಐತೆ. ನಾಳೆ ಏನಾರ ಆದ್ರೆ ಈ ಮಗೀನ ತಲೆಗೆ ಕಟ್ತಾರೆ. ನಾನು ಹೆದರಿರೋದು ಇವ್ರಿಗೋಸ್ಕರ ಅಲ್ಲ, ಅವ್ಳಿಗೋಸ್ಕರ."

ಇಷ್ಟು ಹೊತ್ತು ಈಕೆಯನ್ನು ಅಜ್ಞಾನಿ ಎಂದು ಮನಸ್ಸಿನಲ್ಲೇ ಬೈದಿದ್ದಕ್ಕೆ ನಾಚಿಕೆಯಾಯಿತು. ತೆಪ್ಪಗಿರುವವು ಲೆಕ್ಕಕ್ಕೆ ಸಿಗುವುದಿಲ್ಲ ಎಂದು, ಮೂವತ್ತು ವರ್ಷ ತೆಪ್ಪಗೆ ಸಹಿಸಿಕೊಂಡಿದ್ದ ಅವರೆದುರೇ ಬೊಗಳೆ ಬಿಟ್ಟಿದ್ದೆ.

ಅಲ್ಲಿಯವರೆಗೆ ತಲೆ ಬಗ್ಗಿಸಿದ್ದ ತಂಗಿ ಎದ್ದು ಹೋಗಿ ಆಕೆಯ ಪಕ್ಕ ಕೂತಳು.

"ಆಗ ನಿಮ್ಮ ಪಕ್ಕ ಯಾರೂ ಇರ್ಲಿಲ್ಲ ಅತ್ತೆ. ನಂಗೆ ನೀವಿರ್ತೀರಲ್ಲ" ಎಂದಳು.

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಚಿಕ್ಕವ್ವ ನನ್ನ ಕೈ ಹಿಡಿದುಕೊಂಡಳು. ಹುಡುಗನ ತಾಯಿ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದು ತಂಗಿಯ ಹಣೆಗೆ ಇಟ್ಟರು. ಹುಡುಗನ ಅಪ್ಪ ಬೀಡಿ ಆರಿಸಿ, "ಒಂದು ಮೂಲಾ ಜೊತೆ ಮೂವತ್ತು ವರ್ಸ ಬದುಕಿವ್ನಿ, ಅದ ಯಾರೂ ಎಣಿಸ್ನಿಲ್ಲ. ಇನ್ನೊಂದು ಬರ್ಲಿ ಬುಡು" ಎಂದರು.

ವಾಪಸು ಬಸ್ಸಿನಲ್ಲಿ ಚಿಕ್ಕವ್ವ ಹೇಳಿದಳು: "ನೀನು ಲೆಕ್ಕ ಮಾತ್ರ ಇಟ್ಕೊ ಕಣೆ. ಜೋಡಿ ಕೂಡ್ಸೋದು ನಿನ್ನ ಕೈಲಿ ಆಗಲ್ಲ."