ಹದಿಮೂರು, ಎಪ್ಪತ್ತೆಂಟು

ಸಂಜೆಯಾದರೆ ನಾನು ಎಲ್ಲಿದ್ದೇನೆಂದು ಅಮ್ಮನಿಗೆ ತಿಳಿಯಲೇಬೇಕಿತ್ತು. ಅವಳು ಆಂಧ್ರ ಗಡಿಯ ಮುಳಬಾಗಿಲು ಕಡೆಯವಳು. ಫೋನ್ ಎತ್ತಿದ ಕೂಡಲೇ "ಎಕ್ಕಡುನ್ನಾವೇ? ಎಲ್ಲಿದ್ದೀಯ?" ಎಂದು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೇಳುತ್ತಿದ್ದಳು. ನಾನು ಮಾಲೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಮನೆಯಲ್ಲಿದ್ದದ್ದು ನಾವಿಬ್ಬರೇ. ನಲವತ್ತು ದಾಟಿದವಳನ್ನು ದಿನಾ ಹೀಗೆ ವಿಚಾರಿಸಿದರೆ ರೇಗದೆ ಇರುತ್ತದೆಯೇ? "ಹದಿಮೂರು ಡಿಗ್ರಿ ಉತ್ತರ, ಎಪ್ಪತ್ತೆಂಟು ಡಿಗ್ರಿ ಪೂರ್ವ" ಅನ್ನುತ್ತಿದ್ದೆ.

"ಅದಿರ್ಲಿ, ತಿಂದ್ಯಾ?" ಅನ್ನುತ್ತಿದ್ದಳು.

ನಾನು ಹೇಳುತ್ತಿದ್ದುದು ಸುಳ್ಳೇನಲ್ಲ. ಸಮಭಾಜಕದಿಂದ ಎಷ್ಟು ಉತ್ತರಕ್ಕಿದ್ದೇವೆ ಅನ್ನುವುದು ಅಕ್ಷಾಂಶ, ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕಿದ್ದೇವೆ ಅನ್ನುವುದು ರೇಖಾಂಶ. ಚಿಲ್ಲರೆಯನ್ನು ಹತ್ತಿರದ ಪೂರ್ತಿ ಡಿಗ್ರಿಗೆ ಸರಿಮಾಡಿ ಹೇಳಿದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕಕ್ಕೂ ಅದೇ ವಿಳಾಸ. ಕೋಲಾರದಲ್ಲಿ ತರಬೇತಿ ಇರಲಿ, ಶ್ರೀನಿವಾಸಪುರದಲ್ಲಿ ಪರೀಕ್ಷೆ ಡ್ಯೂಟಿ ಇರಲಿ, ನನ್ನ ಉತ್ತರ ಬದಲಾಗುತ್ತಿರಲಿಲ್ಲ.

ಹೋದ ವರ್ಷ ಅಮ್ಮ ತೀರಿಕೊಂಡಳು. ಈಗ ಸಂಜೆ ಫೋನ್ ಸುಮ್ಮನೆ ಬಿದ್ದಿರುತ್ತದೆ. ಬಸ್ ತಪ್ಪಿದರೂ, ಬೇರೆ ಊರಿಗೆ ಹೋದರೂ ಯಾರಿಗೂ ಲೆಕ್ಕವಿಲ್ಲ. ಈ ಸ್ವಾತಂತ್ರ್ಯ ನನಗೆ ಬೇಡವಾಗಿತ್ತು.

ಈ ಸಲ ಅಕ್ಷಾಂಶದ ಪಾಠಕ್ಕೆ ತಯಾರಿ ಮಾಡುತ್ತ ನಕ್ಷೆ ನೋಡುತ್ತಿದ್ದಾಗ, ಹದಿಮೂರರ ಅಕ್ಷಾಂಶ, ಎಪ್ಪತ್ತೆಂಟರ ರೇಖಾಂಶ, ಆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವುದು ನಮ್ಮ ಮಾಲೂರಿಗೂ ಟೇಕಲ್ಲಿಗೂ ನಡುವೆಯೇ ಎಂದು ಕಂಡಿತು. ಇಷ್ಟು ವರ್ಷ ಪಾಠ ಮಾಡಿ ಗಮನಿಸಿರಲಿಲ್ಲ, ನೋಡಿ ನನ್ನ ಬುದ್ಧಿ. ಅಮ್ಮನಿಗೆ ತಮಾಷೆಗೆ ಕೊಟ್ಟ ಉತ್ತರ ಒಂದು ಸಲವಾದರೂ ಪೂರ್ತಿ ನಿಜವಾಗುವ ಜಾಗದಲ್ಲಿ ನಿಲ್ಲಬೇಕು ಅನ್ನಿಸಿತು. ಅನ್ನಿಸಿದ ಮೇಲೆ ತಡೆಯಲಾಗಲಿಲ್ಲ.

ಭಾನುವಾರ ಟೇಕಲ್ ಕಡೆಗೆ ಹೊರಟೆ. ಫೋನು ಕೊನೆಗೆ ಒಂದು ಹಿಪ್ಪುನೇರಳೆ ತೋಟಕ್ಕೆ ಕರೆದೊಯ್ದಿತು. ಬದುವಿನ ಮೇಲೆ ನಾಲ್ಕು ಹೆಜ್ಜೆ ಆಚೆ ಹೋದರೆ ಫೋನಿನಲ್ಲಿ ಒಂದು ಅಂಕಿ ಕೆಡುತ್ತದೆ, ಈಚೆ ಬಂದರೆ ಇನ್ನೊಂದು. ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದೇ ಬಂದಳು. ಫೋನ್ ನೋಡಿಕೊಂಡು ಹೊಲದಲ್ಲಿ ಸುತ್ತುವವರು ಈ ಕಡೆ ಒಂದೇ ಕೆಲಸಕ್ಕೆ ಬರುವುದು. ಅಳತೆಗೆ ಬಂದಿದ್ದೀರಾ, ರೋಡಿಗಾ ಫ್ಯಾಕ್ಟರಿಗಾ, ನಮ್ಮ ಜಮೀನು ಕೊಡಲ್ಲ ಎಂದಳು. ನಾನು ಟೀಚರು, ಭೂಮಿಯ ಮೇಲಿನ ಎರಡು ಗೆರೆ ಇಲ್ಲಿ ಸೇರುತ್ತವೆ, ಅದನ್ನು ನೋಡಲು ಬಂದೆ ಎಂದೆ. ಆಕೆ ನೆಲ ನೋಡಿದಳು. ಅಲ್ಲಿ ಮಣ್ಣು, ಉದುರಿದ ಎಲೆ, ಡ್ರಿಪ್ ಪೈಪು ಬಿಟ್ಟರೆ ಏನೂ ಇರಲಿಲ್ಲ. ಸದ್ಯ, ಕುಡುಗೋಲು ಕೆಳಗಿಳಿಯಿತು.

"ಇಷ್ಟು ಬಿಸಿಲಾಗೆ ಒಬ್ರೇ ತಿರುಗ್ತಿದ್ದೀರಲ್ಲ ಮೇಡಂ, ಮನೇಲಿ ಎಲ್ಲಿದ್ದೀಯ ಅಂತ ಕೇಳಲ್ವಾ?"

"ಕೇಳೋರಿಲ್ಲಮ್ಮ," ಎಂದೆ.

ಆಕೆ ಸೊಪ್ಪಿನ ಸಾಲಿಗೆ ಹಿಂತಿರುಗಿದಳು. ನಾನು ಇನ್ನೆರಡು ಹೆಜ್ಜೆ ಸರಿದೆ. ದಶಮಾಂಶ ಚುಕ್ಕೆಯ ಮುಂದಿನ ಅಂಕಿಗಳೆಲ್ಲ ಸೊನ್ನೆಯಾಗಿ ಒಂದು ಗಳಿಗೆ ನಿಂತವು.

"ಹದಿಮೂರು, ಎಪ್ಪತ್ತೆಂಟು," ಎಂದು ಬಾಯಿಬಿಟ್ಟೇ ಹೇಳಿದೆ. "ಇನ್ನೂ ತಿಂದಿಲ್ಲಮ್ಮ."